ಮೂತ್ರಕೋಶದೊಳಗೆ ಬಿಸಿಜಿ: ಮೊದಲ ದಿನದ ಎರಡು ಗಂಟೆಗಳು

ನಿಮ್ಮ ಎಡತೋಳಿನ ಮೇಲ್ಭಾಗದಲ್ಲಿ ಒಂದು ಪುಟ್ಟ ಕಲೆ ಇರಬಹುದು. ಹಸುಗೂಸಾಗಿದ್ದಾಗ ಹಾಕಿಸಿದ ಬಿಸಿಜಿ ಲಸಿಕೆಯ ಗುರುತು ಅದು. ಕ್ಷಯರೋಗವನ್ನು ತಡೆಯಲೆಂದು ರೂಪಿಸಿದ ಆ ಲಸಿಕೆಯ ಬ್ಯಾಕ್ಟೀರಿಯವೇ ಮೂತ್ರಕೋಶದ ಕ್ಯಾನ್ಸರಿಗೆ ಒಂದು ಮುಖ್ಯ ಚಿಕಿತ್ಸೆ ಎಂಬುದು ಅನೇಕರಿಗೆ ತಿಳಿಯದು. ಈ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಹೋದವರು ಅದೇ ದಿನ ಮನೆಗೆ ಮರಳಬಹುದು. ಆದರೆ ಅಂದು ರೋಗಿಗೆ ಕೊಡುವ ಸೂಚನೆಗಳು ವಿಚಿತ್ರವಾಗಿ ತೋರುತ್ತವೆ: ನೀರು ಕುಡಿಯಬೇಡಿ, ಎರಡು ಗಂಟೆ ಮೂತ್ರ ತಡೆದುಕೊಳ್ಳಿ, ಮಗ್ಗುಲು ಬದಲಿಸುತ್ತಿರಿ, ಶೌಚಾಲಯಕ್ಕೆ ಬ್ಲೀಚಿಂಗ್ ದ್ರಾವಣ ಸುರಿಯಿರಿ. ಕಾರಣ ಗೊತ್ತಿಲ್ಲದವರು ಇವುಗಳಿಂದ ಹೆದರುತ್ತಾರೆ, ಇಲ್ಲವೇ ಅಲಕ್ಷಿಸುತ್ತಾರೆ. ಎರಡರಿಂದಲೂ ನಷ್ಟವೇ. ಈ ಸೂಚನೆಗಳ ಹಿಂದಿರುವ ವಿಜ್ಞಾನವನ್ನು ನೋಡೋಣ.

ಯಾರಿಗೆ ಈ ಚಿಕಿತ್ಸೆ?

ಮೂತ್ರಪಿಂಡಗಳಲ್ಲಿ ಉತ್ಪತ್ತಿಯಾದ ಮೂತ್ರ ಸಂಗ್ರಹವಾಗುವ ಸ್ನಾಯುಚೀಲವೇ ಮೂತ್ರಕೋಶ. ಇದರ ಒಳಮೈಗೆ ಕೆಲವೇ ಕೋಶಗಳಷ್ಟು ದಪ್ಪದ ಒಂದು ಅಸ್ತರಿ ಇದೆ. ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಈ ಅಸ್ತರಿಯಲ್ಲಿ. ಪತ್ತೆಯಾದ ಹೊತ್ತಿಗೆ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಕೆಳಗಿನ ಸ್ನಾಯುವಿಗೆ ಇಳಿದಿರುವುದಿಲ್ಲ. ಅಂಥವರಲ್ಲಿ ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಗಂತಿಯನ್ನು ಕೆರೆದು ತೆಗೆಯುತ್ತಾರೆ. ಇದಕ್ಕೆ ಅರಿವಳಿಕೆ ಬೇಕು.

ತೊಂದರೆ ಎಂದರೆ, ಈ ಕ್ಯಾನ್ಸರ್ ಮತ್ತೆ ಮತ್ತೆ ಮರಳುವ ಸ್ವಭಾವದ್ದು. ಮರಳುವ ಅಥವಾ ಆಳಕ್ಕೆ ಇಳಿಯುವ ಅಪಾಯ ಹೆಚ್ಚಾಗಿರುವವರಿಗೆ ಬಿಸಿಜಿ ಕೊಡುತ್ತಾರೆ. ಕೆರೆದ ಗಾಯ ಮಾಯಲೆಂದು ಕನಿಷ್ಠ ಎರಡು ವಾರ ಕಾಯುತ್ತಾರೆ. ಹಸಿ ಗಾಯದ ಮೂಲಕ ಜೀವಂತ ಬ್ಯಾಕ್ಟೀರಿಯ ರಕ್ತ ಸೇರಬಾರದು ಎಂಬುದೇ ಕಾರಣ.

ಆಲೂಗಡ್ಡೆಯ ಮೇಲೆ ಪಳಗಿದ ಬ್ಯಾಕ್ಟೀರಿಯ

ಫ್ರಾನ್ಸಿನ ಲೀಲ್ ನಗರದ ಪಾಸ್ಚರ್ ಸಂಸ್ಥೆಯಲ್ಲಿ ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀ ಗೆರಾನ್ 1908ರಿಂದ ದನಗಳ ಕ್ಷಯದ ಬ್ಯಾಕ್ಟೀರಿಯವನ್ನು ಪಿತ್ತರಸ, ಗ್ಲಿಸರಿನ್ ಮತ್ತು ಆಲೂಗಡ್ಡೆಯ ಮಾಧ್ಯಮದಲ್ಲಿ ಬೆಳೆಸತೊಡಗಿದರು. ಸುಮಾರು ಮೂರು ವಾರಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ವರ್ಗಾಯಿಸುತ್ತ ಹದಿಮೂರು ವರ್ಷ, 230 ಬಾರಿ ಬೆಳೆಸಿದಾಗ ಅದರ ರೋಗಕಾರಕ ಶಕ್ತಿ ಕುಂದಿತ್ತು. 1921ರಲ್ಲಿ ಅದನ್ನು ಮೊದಲ ಬಾರಿಗೆ ಮಗುವಿಗೆ ಲಸಿಕೆಯಾಗಿ ಕೊಟ್ಟರು. ಬಿಸಿಜಿ ಎಂಬ ಹೆಸರಿನಲ್ಲಿರುವ ಸಿ ಮತ್ತು ಜಿ ಈ ಇಬ್ಬರ ಹೆಸರುಗಳ ಮೊದಲಕ್ಷರಗಳು.

1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಒಂಬತ್ತು ರೋಗಿಗಳ ಮೂತ್ರಕೋಶಕ್ಕೆ ಬಿಸಿಜಿ ಹಾಕಿದ ಫಲಿತಾಂಶ ಪ್ರಕಟಿಸಿದರು. ಗಂತಿ ಮರಳುವುದು ಗಮನಾರ್ಹವಾಗಿ ಇಳಿದಿತ್ತು. ವಾರಕ್ಕೊಂದರಂತೆ ಆರು ಸಲ ಕೊಡುವ ಕ್ರಮ ಅಂದಿನದೇ. ಆರೇ ಏಕೆ? ಅವರಿಗೆ ಸಿಗುತ್ತಿದ್ದ ಬಿಸಿಜಿ ಆರು ಸೀಸೆಗಳ ಕಟ್ಟಿನಲ್ಲಿ ಬರುತ್ತಿತ್ತು! ವಾರದ ಅಂತರವಾದರೂ ಉರಿ, ಜ್ವರ ಇಳಿಯಲು ಬೇಕಾದ ಸಮಯ. ಆಕಸ್ಮಿಕವಾಗಿ ಹುಟ್ಟಿದ ಈ ಸಂಖ್ಯೆ ಮುಂದಿನ ಪ್ರಯೋಗಗಳಲ್ಲೂ ಉಳಿದುಕೊಂಡಿತು. 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಗೆ ಒಪ್ಪಿಗೆ ನೀಡಿತು.

ಚಿಕಿತ್ಸೆಯ ಕೊಠಡಿಯಲ್ಲಿ

ಮೊದಲು ಮೂತ್ರಪರೀಕ್ಷೆ. ಸೋಂಕು ಅಥವಾ ಕಣ್ಣಿಗೆ ಕಾಣುವಷ್ಟು ರಕ್ತವಿದ್ದರೆ ಅಂದು ಚಿಕಿತ್ಸೆ ಇಲ್ಲ. ಜ್ವರವಿದ್ದರೂ ಮುಂದೂಡುತ್ತಾರೆ. ರೋಗಿ ಮೂತ್ರ ವಿಸರ್ಜಿಸಿದ ಬಳಿಕ ತೆಳುವಾದ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಕೊಳವೆಯನ್ನು (ಕ್ಯಾಥೆಟರ್) ಒಳಕ್ಕೆ ಸೇರಿಸುತ್ತಾರೆ. ಕೆಲವು ಕ್ಷಣ ಉರಿ, ಮುಜುಗರ ಆಗುತ್ತದೆ. ಆದರೆ ಅರಿವಳಿಕೆ ಬೇಕಾಗುವುದಿಲ್ಲ. ಲವಣ ದ್ರಾವಣದಲ್ಲಿ ಕದಡಿದ ಸುಮಾರು 50 ಮಿಲಿಲೀಟರ್ ಬಿಸಿಜಿಯನ್ನು ಒಳಗೆ ಬಿಟ್ಟು ಕೊಳವೆಯನ್ನು ಹೊರತೆಗೆಯುತ್ತಾರೆ. ಇದಿಷ್ಟೂ ಕೆಲವೇ ನಿಮಿಷಗಳ ಕೆಲಸ. ತೋಳಿಗೆ ಕೊಡುವ ಲಸಿಕೆಗಿಂತ ಇಲ್ಲಿಯ ಪ್ರಮಾಣ ನೂರಾರು ಪಟ್ಟು ಹೆಚ್ಚು.

ದ್ರಾವಣವನ್ನು ಒತ್ತಿ ತಳ್ಳದೆ ಗುರುತ್ವದಿಂದಲೇ ಇಳಿಯಬಿಡುವುದು ರೂಢಿ. 30 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡ ಸುಮಾರು 3 ಕಿಲೊಪಾಸ್ಕಲ್ ಮಾತ್ರ. ಸಿರಿಂಜಿನ ಕೊಂತದ ವಿಸ್ತೀರ್ಣ 6 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದನ್ನು ಒಂದು ಕಿಲೊಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ 16 ಕಿಲೊಪಾಸ್ಕಲ್ ಒತ್ತಡ ಬರುತ್ತದೆ. ಇದು ಐದು ಪಟ್ಟಿಗೂ ಹೆಚ್ಚು. ಅಸ್ತರಿ ಎಲ್ಲಾದರೂ ಹರಿದಿದ್ದರೆ ಈ ಒತ್ತಡ ಬ್ಯಾಕ್ಟೀರಿಯಗಳನ್ನು ರಕ್ತಕ್ಕೆ ನೂಕಬಹುದು. ಕೊಳವೆ ತೂರಿಸುವಾಗ ರಕ್ತ ಬಂದರೆ ಆ ದಿನದ ಚಿಕಿತ್ಸೆಯನ್ನೇ ಕೈಬಿಡುವುದು ಇದೇ ಕಾರಣದಿಂದ.

ಎರಡು ಗಂಟೆಗಳ ಭೌತವಿಜ್ಞಾನ

ನೀರು ಕುಡಿಯಬಾರದೇಕೆ? ಮೂತ್ರ ನಿಮಿಷಕ್ಕೆ 1 ಮಿಲಿಲೀಟರಿನಂತೆ ಬರುತ್ತಿದ್ದರೆ ಎರಡು ಗಂಟೆಯಲ್ಲಿ 120 ಮಿಲಿಲೀಟರ್ ಸೇರುತ್ತದೆ. ಆಗ 50 ಇದ್ದದ್ದು 170 ಆಗಿ ದ್ರಾವಣದ ಸಾರತೆ ಮೊದಲಿನ ಶೇಕಡಾ 29ಕ್ಕೆ ಇಳಿಯುತ್ತದೆ. ಮೂತ್ರದ ದರ ಇದರ ಅರ್ಧವಾದರೆ ಶೇಕಡಾ 45 ಉಳಿಯುತ್ತದೆ. ಕೆಲವು ಗಂಟೆ ಮುಂಚಿನಿಂದಲೇ ನೀರು, ಕಾಫಿ, ಟೀ ಕಡಿಮೆ ಮಾಡಿ ಎನ್ನುವುದು ಇದಕ್ಕಾಗಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಯಾವಾಗ ನುಂಗಬೇಕೆಂದು ವೈದ್ಯರನ್ನೇ ಕೇಳಬೇಕು.

ಮಗ್ಗುಲು ಬದಲಿಸುವುದೇಕೆ? ಬಿಸಿಜಿ ಬ್ಯಾಕ್ಟೀರಿಯಕ್ಕೆ ಈಜುವ ಅಂಗಗಳಿಲ್ಲ. ಅದನ್ನು ಅರ್ಧ ಮೈಕ್ರೊಮೀಟರ್ ತ್ರಿಜ್ಯದ ಗೋಳವೆಂದು ಭಾವಿಸಿ ದೇಹದ ಉಷ್ಣತೆಯಲ್ಲಿ ಬ್ರೌನಿಯನ್ ಚಲನೆಯ ಲೆಕ್ಕ ಹಾಕಿದರೆ, ಎರಡು ಗಂಟೆಯಲ್ಲಿ ಅದು ವಿಸರಣೆಯಿಂದ ಸಾಗುವ ದೂರ ಸುಮಾರು 0.1 ಮಿಲಿಮೀಟರ್! ಗುರುತ್ವ ಎಷ್ಟು ನೆರವಾದೀತು? ನೀರಿಗಿಂತ ಅದರ ಸಾಂದ್ರತೆ ಶೇಕಡಾ 10 ಹೆಚ್ಚೆಂದು ಹಿಡಿದರೆ ಸ್ಟೋಕ್ಸ್ ನಿಯಮದ ಪ್ರಕಾರ ಒಂಟಿ ಬ್ಯಾಕ್ಟೀರಿಯ ಅಷ್ಟೇ ಸಮಯದಲ್ಲಿ ಅರ್ಧ ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ಆದರೆ ಮೇಣದಂಥ ಕೋಶಭಿತ್ತಿಯ ಈ ಬ್ಯಾಕ್ಟೀರಿಯಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ವೇಗ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿದೆಯಷ್ಟೆ. ತ್ರಿಜ್ಯ ಹತ್ತು ಪಟ್ಟಾದರೆ ವೇಗ ನೂರು ಪಟ್ಟು. ಅಂಥ ಗುಂಪು ಎರಡು ಗಂಟೆಯಲ್ಲಿ 5 ಸೆಂಟಿಮೀಟರಿಗೂ ಹೆಚ್ಚು ಇಳಿಯಬಲ್ಲದು. ಎಂದರೆ ಅಲ್ಲಾಡದೆ ಅಂಗಾತ ಮಲಗಿದರೆ ಗುಂಪುಗಳು ಬೆನ್ನಿನ ಕಡೆಯ ಗೋಡೆಗೇ ಬಂದು ಕೂರುತ್ತವೆ. ಕೊಳವೆಯೊಂದಿಗೆ ಒಳಹೊಕ್ಕ ಗಾಳಿಯ ಗುಳ್ಳೆ ಮೇಲೆ ತೇಲಿ ಅಲ್ಲಿನ ಗೋಡೆಯನ್ನು ಒಣದಾಗಿ ಉಳಿಸುತ್ತದೆ. ಬೆನ್ನು, ಹೊಟ್ಟೆ, ಎಡ, ಬಲ ಎಂದು ಹದಿನೈದು ನಿಮಿಷಕ್ಕೊಮ್ಮೆ ಹೊರಳಿದರೆ ಎರಡೂ ತೊಡಕು ಕಳೆಯುತ್ತವೆ. ಎದ್ದು ಓಡಾಡಿದರೂ ದ್ರಾವಣ ಕಲಕುವುದರಿಂದ ಕೆಲವೆಡೆ ಅಷ್ಟೇ ಸಾಕೆನ್ನುತ್ತಾರೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳುವುದು ಬೇಡ.

ಒಳಗೆ ನಡೆಯುವುದೇನು?

ಬಿಸಿಜಿ ನೇರವಾಗಿ ಕ್ಯಾನ್ಸರನ್ನು ಕೊಲ್ಲುವ ವಿಷವಲ್ಲ. ಅದು ಮೂತ್ರಕೋಶದ ಗೋಡೆಯಲ್ಲಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಕೆಲವು ಕೋಶಗಳ ಒಳಕ್ಕೂ ಸೇರುತ್ತದೆ. ದೇಹ ಇದನ್ನು ಆಕ್ರಮಣವೆಂದು ಬಗೆದು ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತದೆ. ಮೊದಲು ನ್ಯೂಟ್ರೊಫಿಲ್‌ಗಳು, ಬಳಿಕ ಟಿ ಕೋಶಗಳು ಮತ್ತಿತರ ಬಿಳಿರಕ್ತಕೋಶಗಳು ಅಲ್ಲಿಗೆ ಧಾವಿಸುತ್ತವೆ. ಈ ಹೋರಾಟದಲ್ಲಿ ಅಡಗಿದ್ದ ಕ್ಯಾನ್ಸರ್ ಕೋಶಗಳೂ ನಾಶವಾಗುತ್ತವೆ. ರಕ್ಷಣಾ ವ್ಯವಸ್ಥೆ ತೀರ ದುರ್ಬಲವಾದವರಿಗೆ ಬಿಸಿಜಿ ಕೊಡದಿರುವುದೂ ಇದರಿಂದಲೇ ಅರ್ಥವಾಗುತ್ತದೆ: ಅವರಲ್ಲಿ ಬ್ಯಾಕ್ಟೀರಿಯವನ್ನು ಹದ್ದಿನಲ್ಲಿಡುವವರೇ ಇರುವುದಿಲ್ಲ.

ಮನೆಗೆ ಬಂದ ಮೇಲೆ

ಹೊರಬರುವ ಮೂತ್ರದಲ್ಲಿ ಜೀವಂತ ಬ್ಯಾಕ್ಟೀರಿಯ ಇರುತ್ತದೆ. ಆದ್ದರಿಂದ ಮೊದಲ ಆರು ಗಂಟೆ ಗಂಡಸರೂ ಕುಳಿತೇ ಮೂತ್ರ ಮಾಡಬೇಕು. ಪ್ರತಿ ಸಲವೂ ಬ್ಲೀಚಿಂಗ್ ದ್ರಾವಣ ಸುರಿದು ಹದಿನೈದು ನಿಮಿಷ ಬಿಟ್ಟು ನೀರು ಹಾಕಬೇಕು, ಕೈಯನ್ನು ಸೋಪಿನಿಂದ ತೊಳೆಯಬೇಕು. ಈಗ ಧಾರಾಳವಾಗಿ ನೀರು ಕುಡಿಯಬಹುದು.

ಒಂದೆರಡು ದಿನ ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಸಣ್ಣ ಜ್ವರ, ಮೈಕೈ ನೋವು ಸಾಮಾನ್ಯ. ರಕ್ಷಣಾ ವ್ಯವಸ್ಥೆ ಎಚ್ಚೆತ್ತಿದೆ ಎಂಬುದರ ಸೂಚನೆ ಅದು. ಇಷ್ಟಕ್ಕೇ ಹೆದರಿ ಎರಡನೆಯ ವಾರ ತಪ್ಪಿಸಬಾರದು. ಆದರೆ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿ ಎರಡು ದಿನವಾದರೂ ಇಳಿಯದಿದ್ದರೆ, 39.5ಕ್ಕೆ ಏರಿದರೆ ಅಥವಾ ಚಳಿ-ನಡುಕ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಸಿಜಿ ಮೈಯಲ್ಲಿ ಹರಡಿರುವ ಸಾಧ್ಯತೆ ಆಗ ಇರುತ್ತದೆ. ಕ್ಷಯದ ಔಷಧಿಗಳಿಂದ ಅದಕ್ಕೆ ಚಿಕಿತ್ಸೆ ಇದೆ. ಬೇರೆ ವೈದ್ಯರ ಬಳಿ ಹೋದರೂ ಬಿಸಿಜಿ ಪಡೆದ ಸಂಗತಿ ಹೇಳಲೇಬೇಕು. ಔಷಧದಂಗಡಿಯಿಂದ ತಾವಾಗಿ ಆಂಟಿಬಯಾಟಿಕ್ ತಂದು ನುಂಗುವುದಂತೂ ಕೂಡದು. ಕೆಲವು ಆಂಟಿಬಯಾಟಿಕ್‌ಗಳು ಬಿಸಿಜಿಯನ್ನೇ ಕೊಂದು ಚಿಕಿತ್ಸೆಯನ್ನು ವ್ಯರ್ಥಗೊಳಿಸುತ್ತವೆ.

ಆರು ವಾರ ಮುಗಿದ ಕೆಲವು ವಾರಗಳ ಬಳಿಕ ದರ್ಶಕ ನಳಿಗೆಯಿಂದ ಮೂತ್ರಕೋಶದ ಒಳಮೈಯನ್ನು ಪರೀಕ್ಷಿಸುತ್ತಾರೆ. ಫಲ ಚೆನ್ನಾಗಿದ್ದರೆ ಒಂದರಿಂದ ಮೂರು ವರ್ಷಗಳವರೆಗೆ ಆಗಾಗ ಮೂರು ವಾರಗಳ ಮರುಚಿಕಿತ್ಸೆ ಇರುತ್ತದೆ. ತಪಾಸಣೆ ಅನಂತರವೂ ಮುಂದುವರಿಯುತ್ತದೆ.

ಶಿಕ್ಷಕರು ಮತ್ತು ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಹೇಳಬೇಕಾದ ಮಾತು ಒಂದಿದೆ. ನೋವಿಲ್ಲದೆ ಮೂತ್ರ ಕೆಂಪಾಗುವುದು ಈ ಕ್ಯಾನ್ಸರಿನ ಅತಿ ಸಾಮಾನ್ಯ ಮೊದಲ ಲಕ್ಷಣ. ಒಮ್ಮೆ ಕಂಡು ತಾನಾಗಿ ನಿಂತಿತೆಂದು, ದೇಹದ ಉಷ್ಣವೆಂದು ಎಳನೀರು ಕುಡಿದು ಸುಮ್ಮನಾಗುವವರು ಬಹಳ. ಬೀಡಿ, ಸಿಗರೇಟು ಸೇದುವವರಲ್ಲಿ ಅಪಾಯ ಇನ್ನೂ ಹೆಚ್ಚು: ಹೊಗೆಯ ವಿಷವಸ್ತುಗಳು ರಕ್ತ ಸೇರಿ, ಮೂತ್ರಪಿಂಡಗಳಲ್ಲಿ ಸೋಸಿ, ಗಂಟೆಗಟ್ಟಲೆ ಮೂತ್ರಕೋಶದಲ್ಲೇ ನಿಂತಿರುತ್ತವೆ. ಒಂದೇ ಸಲ ರಕ್ತ ಕಂಡರೂ ವೈದ್ಯರಲ್ಲಿಗೆ ಹೋಗಬೇಕು. ಕ್ಯಾನ್ಸರ್ ಸ್ನಾಯುವಿಗೆ ಇಳಿದ ಮೇಲೆ ಮೂತ್ರಕೋಶವನ್ನೇ ತೆಗೆಯಬೇಕಾಗಿ ಬರಬಹುದು. ಅಸ್ತರಿಯಲ್ಲಿರುವಾಗಲೇ ಸಿಕ್ಕರೆ ಈ ಎರಡು ಗಂಟೆಗಳ ಹೊರರೋಗಿ ಚಿಕಿತ್ಸೆಯಿಂದ ಅದನ್ನು ಉಳಿಸಿಕೊಳ್ಳುವ ಅವಕಾಶ ಇದೆ.