‘ಕನ್ನಡ’ದ ನಡುವೆ ಒಂದು ಪಂಕ್ಚುಯೇಷನ್!

ಇಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬ್ ಮಾಡಿದವರಿಗೆ ‘ಇಸ್‌ಆಲ್ಫಾ’ ನೆನಪಿರುತ್ತೆ. ಒಂದು ಕ್ಯಾರೆಕ್ಟರ್ ಕೊಟ್ಟರೆ ಅದು ಅಕ್ಷರ ಹೌದೋ ಅಲ್ಲವೋ ಅಂತ ಹೇಳುವ ಫಂಕ್ಷನ್. ಅದು ನೋಡೋದು ಒಂದು ಬೈಟ್ ಮಾತ್ರ. ಯುಟಿಎಫ್-8ರಲ್ಲಿ ನಮ್ಮ ‘ಕ’ ಒಂದಕ್ಕೇ 3 ಬೈಟ್ ಬೇಕು. ಒಂದು ಬೈಟ್‌ನಲ್ಲಿ ಹಿಡಿಯದ ಲಿಪಿಗಳಿಗಾಗಿ 1995ರ ತಿದ್ದುಪಡಿಯಲ್ಲಿ ಸಿ ಭಾಷೆಗೆ ವೈಡ್ ಕ್ಯಾರೆಕ್ಟರ್ ವಿಂಗಡಿಸುವ ಫಂಕ್ಷನ್‌ಗಳು ಬಂದವು: ಇಸ್‌ಡಬ್ಲ್ಯೂಆಲ್ಫಾ, ಇಸ್‌ಡಬ್ಲ್ಯೂಡಿಜಿಟ್, ಇಸ್‌ಡಬ್ಲ್ಯೂಪಂಕ್ಟ್ ಇತ್ಯಾದಿ.

ಬಳಸುವ ಮೊದಲು ಸೆಟ್‌ಲೊಕೇಲ್ ಕರೆಯಬೇಕು. ಮರೆತರೆ ಲಿನಕ್ಸ್‌ನಲ್ಲಿ ‘ಅ’ದಿಂದ ‘ಳ’ವರೆಗೆ ಯಾವುದೂ ಅಕ್ಷರವೇ ಅಲ್ಲ ಅನ್ನೋ ಉತ್ತರ ಬರುತ್ತೆ. ಇದು ಬೇಗ ಸಿಕ್ಕಿಬೀಳುವ ತಪ್ಪು.

ನಿಜವಾದ ತೊಡಕು ಇರೋದು ಲೊಕೇಲ್ ಸರಿಯಾಗಿದ್ದಾಗ. ‘ಕನ್ನಡ’ ಎಂಬ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರಕ್ಷರ, ಯುನಿಕೋಡ್‌ಗೆ ಐದು: ಕ, ನ, ಹಲಂತ, ಮತ್ತೆ ನ, ಡ. ನುಡಿಯಲ್ಲಿ ಒತ್ತಕ್ಷರ ಬೇಕಾದಾಗ ‘ಎಫ್’ ಕೀ ಒತ್ತುತ್ತೀವಲ್ಲ, ಅದೇ ಹಲಂತ. ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿ ಈ ವಿಂಗಡಣೆಗೆ ನಂಬಿಕೊಂಡಿರುವುದು ಯುನಿಕೋಡ್‌ನ ‘ಆಲ್ಫಬೆಟಿಕ್’ ಪಟ್ಟಿಯನ್ನು. ಅದರಲ್ಲಿ ಸ್ವರಗಳಿವೆ, ವ್ಯಂಜನಗಳಿವೆ, ಕಾಗುಣಿತದ ಚಿಹ್ನೆಗಳೂ ಇವೆ. ಹಲಂತ ಇಲ್ಲ. ಅಕ್ಷರವಲ್ಲ, ಅಂಕಿಯಲ್ಲ, ಖಾಲಿ ಜಾಗವೂ ಅಲ್ಲ ಅಂದಮೇಲೆ ಅದು ಹೋಗಿ ಸೇರೋದು ಪಂಕ್ಚುಯೇಷನ್ ಗುಂಪಿಗೆ, ಕಾಮಾ ಮತ್ತು ಪ್ರಶ್ನಾರ್ಥಕ ಚಿಹ್ನೆಯ ಪಕ್ಕಕ್ಕೆ.

ಈ ಫಂಕ್ಷನ್ ನಂಬಿ ಪದ ಎಣಿಸಿದರೆ ‘ಕನ’, ‘ನಡ’ ಅಂತ ಎರಡು ಪದ ಸಿಗುತ್ತವೆ. ಅರ್ಜಿಯ ಹೆಸರಿನ ಕಾಲಂನಲ್ಲಿ ಅಕ್ಷರ ಮಾತ್ರ ಇರಲಿ ಎಂದು ತಪಾಸಣೆ ಇಟ್ಟರೆ ಕಮಲ, ಸೀತಾ ಪಾಸು. ಲಕ್ಷ್ಮಿ, ಕೃಷ್ಣ, ಬಸವಣ್ಣ ಫೇಲು. ಟೆಸ್ಟ್ ಮಾಡುವವರು ‘ಕಮಲ’ ಹಾಕಿ ನೋಡಿ ಎದ್ದುಹೋದರೆ ಬಗ್ ಕಾಣೋದೇ ಇಲ್ಲ.

ಅಂಕಿಗಳ ಕಥೆ ಇನ್ನೂ ತಮಾಷೆ. ಸಿ ನಿಯಮದ ಪ್ರಕಾರ ಇಸ್‌ಡಬ್ಲ್ಯೂಡಿಜಿಟ್ ಒಪ್ಪಬೇಕಾದ್ದು 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳನ್ನು ಮಾತ್ರ. ಹಾಗಂತ ಕನ್ನಡದ ‘೫’ ಅನ್ನು ಪೂರ್ತಿ ಹೊರಗಿಡಲೂ ಆಗದೆ ಗ್ಲಿಬ್‌ಸಿ ಅದನ್ನು ಅಕ್ಷರ ಎಂದುಬಿಟ್ಟಿದೆ. ಐದು ಅಕ್ಷರವಂತೆ, ಒತ್ತಕ್ಷರ ಕಟ್ಟುವ ಹಲಂತ ಅಲ್ಲವಂತೆ!

ಇದರಲ್ಲಿ ಯಾರ ಕನ್ನಡದ್ವೇಷವೂ ಇಲ್ಲ. ಒಂದೊಂದೇ ಕೋಡ್‌ಪಾಯಿಂಟ್ ಎಳೆದು ನಿಲ್ಲಿಸಿ ‘ನೀನು ಅಕ್ಷರವೇ?’ ಅಂತ ಕೇಳುವ ಪದ್ಧತಿಯೇ ನಮ್ಮ ಲಿಪಿಗೆ ಹೊಂದೋದಿಲ್ಲ, ಅಷ್ಟೆ. ಪದ ಒಡೆಯಲು ಐಸಿಯು ಲೈಬ್ರರಿ ಇದೆ. ಅದು ಭಾರ ಅನ್ನಿಸಿದರೆ, ವ್ಯಂಜನದ ನಂತರ ಬಂದ ಹಲಂತವನ್ನು ಅಕ್ಷರದ ಭಾಗವೆಂದು ಒಪ್ಪುವ ಒಂದೆರಡು ಸಾಲು ನೀವೇ ಬರೆದುಕೊಳ್ಳಿ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಬೇಕಾಗುವ, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್‌ಗೂ ಅಲ್ಲೇ ಜಾಗ ಕೊಡಿ. ಟೆಸ್ಟ್‌ಗೆ ಮಾತ್ರ ‘ಲಕ್ಷ್ಮಿ’ಯನ್ನೇ ಹಾಕಿ.