ರಿಮೋಟ್ ಕಾರು: ಕಾಲು ಗಂಟೆಯ ಖುಷಿ, ಹದಿನೈದು ದಿನದ ಕಾಯುವಿಕೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹೆಸರು ಕರಾವಳಿಯವರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಗಡಿ ವಿವಾದದ ಸುದ್ದಿಗಳಲ್ಲಿ. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಈ ತಾಲೂಕಿನ 40 ಗ್ರಾಮಗಳ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾಗಿತ್ತು. ಉಮದಿ, ಸಂಖ ಮುಂತಾದ ಊರುಗಳಲ್ಲಿ ಮನೆಮಾತು ಕನ್ನಡ. ಮಳೆ ಕಡಿಮೆ, ನೆಲ ಒಣ, ಬಯಲು ವಿಶಾಲ. ಓಟದ ಹುಚ್ಚೂ ಇದೆ. ಕರಾವಳಿಗೆ ಕಂಬಳ ಹೇಗೋ, ಆ ಭಾಗಕ್ಕೆ ಎತ್ತಿನ ಗಾಡಿ ಶರ್ಯತ್ತು ಹಾಗೆ. ಎರಡಕ್ಕೂ 2023ರ ಮೇ 18ರಂದು ಒಂದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು.

ಇಂತಹ ಬಯಲಿನಲ್ಲಿ ಒಬ್ಬ ಹುಡುಗ ರಿಮೋಟ್ ಕಾರು ಓಡಿಸಲು ಹೊರಟರೆ ಏನಾಗುತ್ತದೆ? ಮೊಬೈಲ್‌ನಲ್ಲಿ ವೀಡಿಯೊ ನೋಡಿದವರಿಗೆ ಧೂಳೆಬ್ಬಿಸಿ ಹಾರುವ ಕಾರು ಮಾತ್ರ ಕಾಣುತ್ತದೆ. ಅದರ ಹಿಂದಿನ ಖರ್ಚು, ರಿಪೇರಿ, ಅಪಾಯ ಯಾವುದೂ ಕಾಣುವುದಿಲ್ಲ. ದುಡ್ಡು ಹಾಕುವ ಮೊದಲು ಅದನ್ನೆಲ್ಲ ತಿಳಿದುಕೊಂಡರೆ ಕೈ ಸುಡುವುದಿಲ್ಲ.

ಆಟಿಕೆ ಬೇರೆ, ಹವ್ಯಾಸದ ಕಾರು ಬೇರೆ

ರೇಡಿಯೊ ಅಲೆಯಿಂದ ವಾಹನ ಓಡಿಸುವ ಐಡಿಯಾ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್‌ನಲ್ಲಿ ಇಂತಹ ಪುಟ್ಟ ದೋಣಿಯೊಂದನ್ನು ಜನರೆದುರು ಓಡಿಸಿ ತೋರಿಸಿದ್ದರು. 1976ರಲ್ಲಿ ಜಪಾನಿನ ತಮಿಯಾ ಕಂಪೆನಿ ಪೋರ್ಷೆ 934ರ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅಸಲಿ ಕಾರಿನ ಹನ್ನೆರಡನೇ ಒಂದು ಭಾಗದಷ್ಟಿದ್ದ ಈ ಕಾರು ಹವ್ಯಾಸವನ್ನು ಸಾಮಾನ್ಯರ ಮನೆಗೂ ತಂದಿತು.

ಇಂದು ಅಂಗಡಿಗಳಲ್ಲಿ ಎರಡು ಬಗೆಯ ಕಾರುಗಳಿವೆ. ಒಂದೆರಡು ಸಾವಿರ ರೂಪಾಯಿಯೊಳಗಿನದು ಬರೀ ಆಟಿಕೆ. ಅದರಲ್ಲಿ ಒಂದು ಹಲ್ಲಿನ ಚಕ್ರ ಸವೆದರೂ ಬಿಡಿಭಾಗ ಸಿಗುವುದಿಲ್ಲ, ಗುಜರಿಗೆ ಹಾಕಬೇಕು ಅಷ್ಟೇ. ಇನ್ನೊಂದು ಹವ್ಯಾಸದ ದರ್ಜೆಯದು. ಬೆಲೆ ಹತ್ತು ಸಾವಿರದ ಆಸುಪಾಸಿನಲ್ಲಿ ಶುರುವಾಗಿ ಐವತ್ತು ಸಾವಿರ ದಾಟುತ್ತದೆ. ಇದರ ಪ್ರತಿಯೊಂದು ಭಾಗವನ್ನೂ ಬಿಚ್ಚಬಹುದು, ಬದಲಿಸಬಹುದು.

ಒಳಗಿನ ಲೆಕ್ಕ ಸರಳ. ಕೈಯಲ್ಲಿರುವ ರಿಮೋಟ್ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಆದೇಶ ಕಳುಹಿಸುತ್ತದೆ. ಭಾರತದಲ್ಲಿ ಇಷ್ಟು ಕಡಿಮೆ ಶಕ್ತಿಯ ಬಳಕೆಗೆ ಲೈಸೆನ್ಸ್ ಬೇಕಿಲ್ಲ. ಕಾರಿನೊಳಗಿನ ರಿಸೀವರ್ ಆ ಆದೇಶವನ್ನು ಎರಡು ಕಡೆ ಹಂಚುತ್ತದೆ. ಸರ್ವೊ ಎಂಬ ಪುಟ್ಟ ಪೆಟ್ಟಿಗೆ ಮುಂದಿನ ಚಕ್ರ ತಿರುಗಿಸುತ್ತದೆ, ಸ್ಪೀಡ್ ಕಂಟ್ರೋಲರ್ ಮೋಟರಿಗೆ ಎಷ್ಟು ಕರೆಂಟ್ ಹೋಗಬೇಕೆಂದು ನಿರ್ಧರಿಸುತ್ತದೆ.

ಖುಷಿ ಎಲ್ಲಿದೆ?

ಮೊದಲ ದಿನ ಎಲ್ಲರೂ ಎಡವುವುದು ಒಂದೇ ಕಡೆ. ಕಾರು ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ತಿರುಗಿ ಓಡಿಸುವವನ ಕಡೆಗೇ ಬರುವಾಗ ಎಲ್ಲ ಉಲ್ಟಾ. ಎಡಕ್ಕೆ ತಿರುಗಿಸಿದರೆ ಕಣ್ಣಿಗೆ ಅದು ಬಲಕ್ಕೆ ಹೋಗುತ್ತದೆ, ಬೇಲಿಗೆ ಗುದ್ದುತ್ತದೆ. ನಾಲ್ಕೈದು ಬ್ಯಾಟರಿ ಖಾಲಿಯಾಗುವಷ್ಟರಲ್ಲಿ ಕೈ ಪಳಗುತ್ತದೆ. ತಾನೇ ಕೂಡಿಸಿದ ಮಣ್ಣಿನ ದಿಬ್ಬದಿಂದ ಕಾರು ಹಾರಿ, ನಾಲ್ಕೂ ಚಕ್ರ ಊರಿ ಇಳಿದು ಮುಂದೆ ಓಡಿದಾಗ ಆಗುವ ಸಂತೋಷ ಸಣ್ಣದಲ್ಲ.

ಇನ್ನೊಂದು ಖುಷಿ ರಿಪೇರಿಯದ್ದು. ಡಿಫರೆನ್ಶಿಯಲ್, ಶಾಕ್ ಅಬ್ಸಾರ್ಬರ್, ಬೇರಿಂಗ್, ಗೇರ್ ಅನುಪಾತ ಇದೆಲ್ಲ ದೊಡ್ಡ ವಾಹನದಲ್ಲಿ ಇರುವಂಥದ್ದೇ. ಐಟಿಐ ಅಥವಾ ಡಿಪ್ಲೊಮಾ ಓದುವ ಹುಡುಗನಿಗೆ ಪುಸ್ತಕದಲ್ಲಿ ಅರ್ಥವಾಗದ್ದು ಒಂದು ಸಂಜೆ ಸ್ಕ್ರೂ ಡ್ರೈವರ್ ಹಿಡಿದು ಕೂತರೆ ಅರ್ಥವಾಗುತ್ತದೆ.

ತಲೆನೋವು ಶುರುವಾಗುವುದು ಇಲ್ಲಿ

ಜತ್ತದಂತಹ ಒಣ ನೆಲದಲ್ಲಿ ಮೊದಲ ಶತ್ರು ಧೂಳು. ನುಣ್ಣನೆಯ ಪುಡಿ ಬೇರಿಂಗ್‌ಗೆ, ಮೋಟರಿಗೆ ನುಗ್ಗಿ ಉಜ್ಜುತ್ತದೆ. ಪ್ರತಿ ಸಲ ಓಡಿಸಿದ ಮೇಲೆ ಬ್ರಶ್‌ನಿಂದ ಗುಡಿಸಬೇಕು. ಗೇರ್‌ಗಳ ಮೇಲೆ ಎಣ್ಣೆ ಸುರಿದರೆ ಧೂಳು ಅಂಟಿ ಇನ್ನೂ ಕೆಡುತ್ತದೆ. ಗರಸಿನ ಕಲ್ಲು ಗೇರ್ ನಡುವೆ ಸಿಕ್ಕಿದರೆ ಹಲ್ಲು ಹಾರಿಹೋಗುತ್ತದೆ. ಮಳೆ ಬಂದರೆ ಕಪ್ಪು ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮೋಟರ್ ಮೇಲೆ ಭಾರ ಬೀಳುತ್ತದೆ.

ಎರಡನೆಯದು ಬಿಸಿ. ಬೇಸಗೆಯ ನಡುಹಗಲಲ್ಲಿ ಸತತವಾಗಿ ಓಡಿಸಿದರೆ ಮೋಟರ್ ಸುಟ್ಟೇ ಹೋಗಬಹುದು. ಬೆರಳಿಟ್ಟು ಎರಡು ಮೂರು ಸೆಕೆಂಡ್ ತಡೆಯಲಾಗದಿದ್ದರೆ ನಿಲ್ಲಿಸಿ ತಣಿಸಬೇಕು. ಬೆಳಗ್ಗೆ ಅಥವಾ ಅಸರ್ ಕಳೆದ ಹೊತ್ತು ಒಳ್ಳೆಯದು.

ಮೂರನೆಯದು ಬಿಡಿಭಾಗ. ಮೂವತ್ತು ರೂಪಾಯಿಯ ಪ್ಲಾಸ್ಟಿಕ್ ತುಂಡು ಮುರಿದರೂ ಹಳ್ಳಿಯಲ್ಲಿ ಸಿಗುವುದಿಲ್ಲ, ಪಕ್ಕದ ಪೇಟೆಯಲ್ಲೂ ಸಿಗುವುದು ಕಷ್ಟ. ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿ ಕಾಯಬೇಕು. ಕೊರಿಯರ್ ಖರ್ಚು ತುಂಡಿಗಿಂತ ಜಾಸ್ತಿ. ಓಡಿಸಿದ್ದು ಕಾಲು ಗಂಟೆ, ಕಾದದ್ದು ಹದಿನೈದು ದಿನ! ಆದ್ದರಿಂದ ಕಾರು ಆರಿಸುವಾಗ ಸ್ಪೀಡ್ ಎಷ್ಟು ಎಂದು ಕೇಳುವ ಮೊದಲು ಬಿಡಿಭಾಗ ಭಾರತದಲ್ಲಿ ಸಿಗುತ್ತದೆಯೇ ಎಂದು ಕೇಳಬೇಕು.

ದುಡ್ಡಿನ ಲೆಕ್ಕ

ಈ ಕಾರುಗಳಲ್ಲಿ ಹೆಚ್ಚಿನವು ವಿದೇಶದಿಂದ ಬರುವಂಥವು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುರುತೂ ಕಡ್ಡಾಯ. ವಿದೇಶಿ ವೆಬ್‌ಸೈಟಿನ ಬೆಲೆ ನೋಡಿ ‘ಇಷ್ಟೇನಾ’ ಎಂದು ಹಿಗ್ಗಿದವರಿಗೆ ಇಲ್ಲಿನ ಬೆಲೆ ಕಂಡಾಗ ಗಾಬರಿಯಾಗುವುದಕ್ಕೆ ಇದೂ ಒಂದು ಕಾರಣ.

ಓಡಿಸುವ ಖರ್ಚು ಮಾತ್ರ ತೀರಾ ಕಡಿಮೆ. 7.4 ವೋಲ್ಟ್, 5000 ಎಂಎಎಚ್‌ನ ಬ್ಯಾಟರಿಯಲ್ಲಿ ಇರುವುದು 37 ವ್ಯಾಟ್-ಅವರ್. ಚಾರ್ಜರಿನಲ್ಲಿ ಆಗುವ ನಷ್ಟ ಸೇರಿಸಿದರೂ ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು 20 ಸಲ ಚಾರ್ಜ್ ಮಾಡಬಹುದು. ಖರ್ಚು ಇರುವುದು ಒಡೆಯುವುದರಲ್ಲಿ. ಕಾರಿಗೆ 15 ಸಾವಿರ ಹಾಕುವವರು ಒಳ್ಳೆಯ ಚಾರ್ಜರ್, ಇನ್ನೊಂದು ಬ್ಯಾಟರಿ, ಬಿಡಿಭಾಗಕ್ಕೆ ಇನ್ನೊಂದು ಐದಾರು ಸಾವಿರ ಬದಿಗಿಡಬೇಕು. ಅಷ್ಟು ಇಲ್ಲದವರು ಕಂತಿನಲ್ಲಿ ತೆಗೆದುಕೊಂಡರೆ ಕಾರು ಕಪಾಟಿನಲ್ಲಿ ಕೂತಿರುತ್ತದೆ, ಕಂತು ಮಾತ್ರ ಓಡುತ್ತಿರುತ್ತದೆ. ಇಬ್ಬರು ಮೂವರು ಸ್ನೇಹಿತರು ಒಂದೇ ಮಾಡೆಲ್ ತೆಗೆದುಕೊಂಡರೆ ಬಿಡಿಭಾಗ ಹಂಚಿಕೊಳ್ಳಬಹುದು, ಕೊರಿಯರ್ ಖರ್ಚೂ ಉಳಿಯುತ್ತದೆ.

ಬ್ಯಾಟರಿ: ತಮಾಷೆಯಲ್ಲ

ಮನೆಯವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಹೆಚ್ಚಿನ ವೇಗದ ಕಾರುಗಳಲ್ಲಿ ಇರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದು ಸೆಲ್‌ಗೆ ಗರಿಷ್ಠ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿದರೆ ಸೆಲ್ ಹಾಳು. ಮಿತಿ ಮೀರಿ ಚಾರ್ಜ್ ಮಾಡಿದರೆ, ಚುಚ್ಚಿದರೆ, ಉಬ್ಬಿದ್ದನ್ನು ಹಾಗೇ ಬಳಸಿದರೆ ಬೆಂಕಿ ಹತ್ತಬಹುದು. ಒಮ್ಮೆ ಹತ್ತಿದರೆ ಆರಿಸುವುದು ಸುಲಭವಲ್ಲ.

ಅದಕ್ಕಾಗಿ ಪ್ರತಿ ಸೆಲ್ಲನ್ನೂ ಸಮ ಮಾಡುವ ಬ್ಯಾಲೆನ್ಸ್ ಚಾರ್ಜರ್ ಬೇಕು. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಸಾಕು, ಸುಮಾರು ಒಂದು ಗಂಟೆಯಲ್ಲಿ ತುಂಬುತ್ತದೆ. ಹಾಸಿಗೆ, ಸೋಫಾ, ಹುಲ್ಲಿನ ಬಣವೆ ಹತ್ತಿರ ಇಡದೆ ಸಿಮೆಂಟ್ ನೆಲದ ಮೇಲೆ, ಕಣ್ಣೆದುರೇ ಚಾರ್ಜ್ ಮಾಡಬೇಕು. ರಾತ್ರಿ ಹಾಕಿ ಮಲಗುವುದು ಬೇಡವೇ ಬೇಡ ಮಾರಾಯ್ರೆ. ಹೊಸಬರಿಗೆ ಹಳೆಯ ನಿಕಲ್ ಬ್ಯಾಟರಿಯ ಕಾರೇ ಕ್ಷೇಮ. ವೇಗ ಕಡಿಮೆ, ಭಯವೂ ಕಡಿಮೆ.

ಗಲ್ಫ್‌ನಿಂದ ಬರುವ ಅಣ್ಣನೋ ಮಾವನೋ ಕಾರು ತರುವುದಿದ್ದರೆ ಬಿಡಿ ಬ್ಯಾಟರಿಯನ್ನು ಲಗೇಜಿಗೆ ಹಾಕಬಾರದು. ಅದು ವಿಮಾನದೊಳಗೆ ಕೈಚೀಲದಲ್ಲೇ ಬರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಕಂಪೆನಿಯ ಅನುಮತಿ ಬೇಕು.

ಜನರಿರುವ ಕಡೆ ಬೇಡ

ಗಂಟೆಗೆ 40 ಕಿ.ಮೀ. ಓಡುವ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎರಡು ಕಿಲೋ ತೂಕದ ವಸ್ತು ಆ ವೇಗದಲ್ಲಿ ಮಗುವಿನ ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು. ರಸ್ತೆ, ಶಾಲೆಯ ಅಂಗಳ, ಕುರಿ ಮೇಯುವ ಜಾಗ ಬಿಟ್ಟು ಬೆಳೆ ಕೊಯ್ದ ಹೊಲವನ್ನು ಮಾಲೀಕನ ಬಳಿ ಕೇಳಿ ಬಳಸಬೇಕು.

ಒಂದು ಕ್ರಮ ಬಾಯಿಪಾಠವಾಗಿರಲಿ. ಶುರುಮಾಡುವಾಗ ಮೊದಲು ರಿಮೋಟ್ ಆನ್, ಆಮೇಲೆ ಕಾರು. ಮುಗಿಸುವಾಗ ಮೊದಲು ಕಾರು ಆಫ್, ಆಮೇಲೆ ರಿಮೋಟ್. ಇದನ್ನು ತಿರುಗುಮುರುಗು ಮಾಡಿದರೆ ಕಾರು ಯಾರ ಮಾತೂ ಕೇಳದೆ ಓಡಿಹೋಗುವ ಅಪಾಯವಿದೆ. ಮನೆಗೆ ಬಂದ ಮೇಲೆ ಬ್ಯಾಟರಿ ಕಳಚಿ, ಪ್ರತಿ ಸೆಲ್ 3.8 ವೋಲ್ಟ್‌ನಲ್ಲಿರುವಂತೆ ಮಾಡಿ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿ ಇಟ್ಟರೆ ಮುಂದಿನ ವಾರದ ಓಟಕ್ಕೂ ಅದು ಸಿದ್ಧವಾಗಿರುತ್ತದೆ.