ತಾಲೀಮಿನಲ್ಲೇ ಎಡವಿದರೆ ಅಭಿಮಾನಿಗೇಕೆ ದಿಗಿಲು?

ಬೆಂಗಳೂರು: ಋತು ಆರಂಭಕ್ಕೆ ಮುನ್ನ ನಡೆಯುವ ಪಂದ್ಯಗಳಲ್ಲಿ ಬೆಂಗಳೂರು ಎಫ್‌ಸಿ ಎಡವಿದಾಗಲೆಲ್ಲ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯ ಅಭಿಮಾನಿಗಳು ಎರಡು ಪಂಗಡಗಳಾಗುವುದುಂಟು. ‘ಇದು ಬರೀ ತಾಲೀಮು’ ಎಂದು ಸಮಾಧಾನ ಹೇಳುವವರು ಒಂದೆಡೆ. ‘ರಕ್ಷಣಾ ಸಾಲು ಈಗಲೇ ಹೀಗಾದರೆ ಮುಂದೇನು ಗತಿ’ ಎಂದು ಕೊರಗುವವರು ಇನ್ನೊಂದೆಡೆ. ಇಬ್ಬರ ವಾದಕ್ಕೂ ಕ್ಲಬ್‌ನ ಇತಿಹಾಸದಲ್ಲೇ ಸಾಕ್ಷ್ಯ ದೊರೆಯುತ್ತದೆ.

ಋತುಪೂರ್ವ ಪಂದ್ಯದ ಉದ್ದೇಶ ಗೆಲುವಲ್ಲ. ವಿಶ್ರಾಂತಿಯಿಂದ ಮರಳಿದ ಆಟಗಾರರ ಮೇಲೆ ಆಗ ಕಠಿಣ ದೈಹಿಕ ಕಸರತ್ತಿನ ಭಾರವಿರುತ್ತದೆ. ಕಾಲುಗಳು ಭಾರವಾಗಿ ಓಟ ಕುಗ್ಗಿರುತ್ತದೆ. ತರಬೇತುದಾರರು ಬದಲಿ ಆಟಗಾರರನ್ನು ಧಾರಾಳವಾಗಿ ಕಣಕ್ಕಿಳಿಸುತ್ತಾರೆ. ಶಿಗ್ಗಾವಿ, ಹುಲಗೂರು ಸೀಮೆಯ ಕುಸ್ತಿಪ್ರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗರಡಿಯಲ್ಲಿ ಬೆನ್ನು ಮಣ್ಣಾದ ಪೈಲ್ವಾನ ಕಣದಲ್ಲೂ ಚಿತ್ ಆಗುತ್ತಾನೆಂದು ಯಾರೂ ಪಂಥ ಕಟ್ಟುವುದಿಲ್ಲ.

1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್ ಇತ್ತೀಚಿನ ವರ್ಷಗಳಲ್ಲಿ ಇಂಡಿಯನ್ ಸೂಪರ್ ಲೀಗ್ ತಂಡಗಳಿಗೆ ಇಂಥ ತಾಲೀಮಿನ ಕಣವಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಸಿಟಿಯನ್ನು 2-1ರಿಂದ ಮಣಿಸಿ ಬೆಂಗಳೂರು ಈ ಕಪ್ ಗೆದ್ದಿತು. ಅಭಿಮಾನಿಗಳು ಬೀಗಿದರು. ಆದರೆ ಲೀಗ್‌ನ ಮೊದಲರ್ಧದಲ್ಲಿ ಕಂಡದ್ದು ಸೋಲಿನ ಮೇಲೆ ಸೋಲು. ಬಳಿಕ ಸತತ ಎಂಟು ಪಂದ್ಯ ಗೆದ್ದ ತಂಡ ಫೈನಲ್‌ವರೆಗೂ ಹೋಗಿ ಪೆನಾಲ್ಟಿಯಲ್ಲಿ ಸೋತಿತು!

ಮರುವರ್ಷದ ಕಥೆಯೇ ಬೇರೆ. 2023ರ ಡ್ಯುರಾಂಡ್‌ಗೆ ಬಹುಪಾಲು ಎಳೆಯ ಆಟಗಾರರನ್ನು ಕಳುಹಿಸಿದ್ದ ಕ್ಲಬ್ ಗುಂಪು ಹಂತದಲ್ಲೇ ಹೊರಬಿತ್ತು. ಎಳೆಯರ ತಂಡವಲ್ಲವೇ ಎಂದು ಹಲವರು ಸುಮ್ಮನಾದರು. ಆದರೆ ಲೀಗ್‌ನ ಮೊದಲೆರಡು ಪಂದ್ಯಗಳಲ್ಲೂ ಸೋಲು ಎದುರಾಯಿತು. ಡಿಸೆಂಬರ್‌ನಲ್ಲಿ ತವರಿನಲ್ಲೇ ಮುಂಬಯಿ ಎದುರು 0-4ರಿಂದ ಸೋತ ಬೆನ್ನಿಗೇ ತರಬೇತುದಾರ ಸೈಮನ್ ಗ್ರೇಸನ್ ನಿರ್ಗಮಿಸಿದರು. ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಆ ಸಲ ಕೊರಗಿದವರೇ ಸರಿಯಾಗಿದ್ದರು.

2024ರ ಆಗಸ್ಟ್‌ನಲ್ಲಿ ಡ್ಯುರಾಂಡ್ ಸೆಮಿಫೈನಲ್‌ನಲ್ಲಿ ಮೋಹನ್ ಬಾಗನ್ ವಿರುದ್ಧ 2-0 ಮುನ್ನಡೆ ಕೈಚೆಲ್ಲಿ ಪೆನಾಲ್ಟಿಯಲ್ಲಿ ಸೋತಾಗ ಮತ್ತದೇ ಗೊಣಗಾಟ. ಅದೇ ತಂಡ 2025ರ ಏಪ್ರಿಲ್‌ನಲ್ಲಿ ಲೀಗ್ ಫೈನಲ್ ತಲುಪಿತು. ಅಲ್ಲಿಯೂ ಮೋಹನ್ ಬಾಗನ್ ವಿರುದ್ಧವೇ, ಅಲ್ಲಿಯೂ ಮುನ್ನಡೆ ಪಡೆದೇ, ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತಿತು. ಸ್ಕೋರುಪಟ್ಟಿಯೊಂದೇ ಭವಿಷ್ಯ ನುಡಿಯದು; ಆದರೆ ಒಂದೇ ದೋಷ ಮತ್ತೆ ಮತ್ತೆ ಕಾಣಿಸಿಕೊಂಡರೆ ಅದನ್ನು ಗಮನಿಸಲೇಬೇಕು.

ಅಭಿಮಾನಿಯ ಆತಂಕಕ್ಕೆ ಇನ್ನೂ ಹಳೆಯ ಬೇರುಗಳಿವೆ. ರಾಷ್ಟ್ರೀಯ ಮಟ್ಟದ ಲೀಗ್‌ನಲ್ಲಿ ಆಡಿದ್ದ ಐಟಿಐ, ಎಚ್‌ಎಎಲ್ ತಂಡಗಳು ಕಣ್ಮರೆಯಾದುದನ್ನು ಈ ನಗರ ಕಂಡಿದೆ. ಎಚ್‌ಎಎಲ್ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಚೊಚ್ಚಲ ಋತುವಿನಲ್ಲೇ ಆ ಪ್ರಶಸ್ತಿ ಗೆದ್ದಿತು. ಬಂದಷ್ಟೇ ಬೇಗ ಹೋದೀತೆಂಬ ಅಳುಕು ಹಿರಿಯ ವೀಕ್ಷಕರಲ್ಲಿ ಇದ್ದರೆ ಅದು ಅಕಾರಣವಲ್ಲ.

2025ರ ಆಗಸ್ಟ್‌ನಲ್ಲಿ ಆ ಅಳುಕಿಗೆ ಪುಷ್ಟಿ ದೊರೆಯಿತು. ಲೀಗ್‌ನ ವಾಣಿಜ್ಯ ಒಪ್ಪಂದ ನವೀಕರಣವಾಗದೆ ಋತುವೇ ಅನಿಶ್ಚಿತವಾದಾಗ ಕ್ಲಬ್ ತನ್ನ ಪ್ರಧಾನ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ತಡೆಹಿಡಿಯಿತು. ಆ ವರ್ಷದ ಡ್ಯುರಾಂಡ್‌ನಲ್ಲಿ ಬೆಂಗಳೂರು ಆಡಲೇ ಇಲ್ಲ. ಬೈಯಲಿಕ್ಕಾದರೂ ಒಂದು ಪಂದ್ಯ ಅಭಿಮಾನಿಗೆ ಉಳಿದಿರಲಿಲ್ಲ.